ಭಾವಮೈದನ ಸೂರ್ಯಾಸ್ತ

“ಬಾವ, ನಿಮ್ ಕಾಲ್ ನೋಡ್ಕಳಿ ಒಸಿ!” ಎಂದು ಹೆಂಡತಿಯ ತಮ್ಮ ನಕ್ಕಾಗ ಮೈಯೆಲ್ಲ ಉರಿಯಿತು. ಕೊಳ್ಳೇಗಾಲದ ಕೆರೆಯಲ್ಲಿ ಸೂರ್ಯ ಮುಳುಗುತ್ತಿದ್ದ. ತೂಬಿನ ಹಲಗೆಯ ಮೇಲೆ ಡಬ್ಬಿ ಕ್ಯಾಮೆರಾ ಇಟ್ಟು, ಬೆಳಕು ಸಾಕಷ್ಟು ಒಳಗೆ ಬೀಳಲೆಂದು ಶಟರ್ ತೆರೆದು ಹಿಡಿದು, ನಾನು ನಿಂತು ಎಣಿಸುತ್ತಿದ್ದೆ. ಇಬ್ಬರೂ ಒಟ್ಟಿಗೇ ಫೋಟೋ ತೆಗೆಯುವುದನ್ನು ಕಲಿಯಲು ಹೊರಟವರು. ಅವನ ಚಿತ್ರಗಳಲ್ಲಿ ನೀರು ರೇಷ್ಮೆಯಂತೆ ನುಣುಪಾಗಿರುತ್ತಿತ್ತು. ನನ್ನವುಗಳಲ್ಲಿ ಸೂರ್ಯನೇ ಎರಡಾಗಿರುತ್ತಿದ್ದ. ಅವನ ಕ್ಯಾಮೆರಾವೇ ಒಳ್ಳೆಯದೆಂದು ಹೊಟ್ಟೆಕಿಚ್ಚು ಪಡುತ್ತಿದ್ದೆ. ಬಗ್ಗಿ ನೋಡಿದರೆ, ಎಣಿಕೆಗೆ ತಕ್ಕಂತೆ ನನ್ನ ಕಾಲು ಮಗ್ಗ ತುಳಿಯುವ ಹಾಗೆ ಹಲಗೆಯನ್ನು ತುಳಿದು ಕ್ಯಾಮೆರಾವನ್ನೇ ಅಲುಗಿಸುತ್ತಿತ್ತು! ಅವನೂ ನೇಕಾರನೇ, ಆದರೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ.

ಮರುದಿನ ನಾನೂ ಹಾಗೇ ಕುಳಿತೆ. ಚಿತ್ರ ಸೊಗಸಾಗಿ ಬಂತು. ಹೆಂಡತಿ ಅದನ್ನು ಬೆಳಕಿಗೆ ಹಿಡಿದು, “ಥೇಟ್ ನನ್ ತಮ್ಮ ತೆಗ್ದಂಗೇ ಅದೆ ಕಣ್ರಿ!” ಎಂದಳು.

ಅದು ಇಂದಿಗೂ ಪೆಟ್ಟಿಗೆಯ ತಳದಲ್ಲೇ ಇದೆ.