ಅಮಾಸಿ ದಿನ ದೂಡಿದ ಫಟಫಟಿ

ಉಣಕಲ್ಲಿನಲ್ಲಿ ನನಗೆ ಕೆಲಸ ಇರಲಿಲ್ಲ ಅನ್ನುವುದು ಸುಳ್ಳು. ಬೇಕಾದಷ್ಟಿತ್ತು, ಅದಕ್ಕೆ ಯಾರೂ ಪಗಾರ ಕೊಡುತ್ತಿರಲಿಲ್ಲ, ಅಷ್ಟೇ. ಮಠದ ಅಯ್ಯನವರು ಶಂಖ ಊದುವ ಮೊದಲು ಕೆಮ್ಮುವುದನ್ನು ಕಟ್ಟೆಯ ಮೇಲೆ ಕೂತವರಿಗೆ ಮಾಡಿ ತೋರಿಸಬೇಕು. ಸಾಲಿ ಮಾಸ್ತರರು ಸಿಟ್ಟು ಬಂದಾಗ ಧೋತರ ಎತ್ತಿಕೊಳ್ಳುವ ಪರಿಯನ್ನು ತೋರಿಸಬೇಕು. ಕೆರೆ ಏರಿಯ ಮೇಲೆ ಕಾವಲು ನಿಲ್ಲುವ ಪೊಲೀಸಪ್ಪ ಮೂಗಿಗೆ ನಶ್ಯ ಏರಿಸಿ, ಬಾರದ ಸೀನಿಗಾಗಿ ಬಾಯಿ ತೆರೆದು ಆಕಾಶ ನೋಡುತ್ತ ನಿಲ್ಲುತ್ತಾನಲ್ಲ, ಆ ಸೋಗನ್ನಂತೂ ಜನ ಎರಡೆರಡು ಸಲ ಹಾಕಿಸುತ್ತಿದ್ದರು.

ಅಪ್ಪ ಮಾತ್ರ ನಗುತ್ತಿರಲಿಲ್ಲ. "ಮೆಟ್ರಿಕ್ ಪಾಸಾದ ಮಗಾ ಮಂದಿ ಮಾರಿ ಹಚಗೊಂಡು ತಿರಗತೈತಿ. ಅದರ ಸ್ವಂತ ಮಾರಿ ಯಾವದಂತ ಅದಕ್ಕರ ಗೊತ್ತೈತೋ ಇಲ್ಲೋ," ಅನ್ನುತ್ತಿದ್ದ.

ಎರಡನೇ ಮಹಾಯುದ್ಧ ಮುಗಿದಿತ್ತು. ಬೇಸಿಗೆ ಸುರುವಾಗುವ ಮುಂಚೆ, ಹುಬ್ಬಳ್ಳಿಯ ಅರಳಿ ಪೇಟೆಯಲ್ಲಿ ಹತ್ತಿಯ ದಲಾಲಿ ನಡೆಸುವ ಒಬ್ಬ ಅಡತಿ ಸಾವಕಾರರು ಅಪ್ಪನಿಗೆ ಒಂದು ಮಾತು ಹೇಳಿದರು. ಅವರಿಗೆ ಹಳ್ಳಿ ಹಳ್ಳಿ ತಿರುಗಿ ಅರಳಿ ನೋಡಿ, ದರ ಕುದುರಿಸಿ, ಅವತ್ತೇ ಹೊಳ್ಳಿ ಬಂದು ಸುದ್ದಿ ಮುಟ್ಟಿಸುವವ ಬೇಕಾಗಿದ್ದ. "ಸೈಕಲ್ಲಿನ್ಯಾಂವ ಹೋಗಿ ಬರೂದ್ರಾಗ ಮಾಲು ಬ್ಯಾರೇದವರ ಪಾಲಾಗಿರತೈತಿ. ನಿಮ್ಮ ಹುಡುಗನ ಹಂತೇಕ ಫಟಫಟಿ ಇದ್ರ ಯುಗಾದಿ ಅಮಾಸಿ ದಿನಾ ತಂದು ತೋರಸಲಿ. ಅವತ್ತ ಪೂಜಾ ಇರತೈತಿ, ನಾ ಅಂಗಡಿ ಬಿಟ್ಟು ಏಳೂದಿಲ್ಲ. ಮರುದಿನಾ ಪಾಡ್ಯಾಕ್ಕ ಮಂದೀನ ಕೆಲಸಕ್ಕ ಹಚ್ಚಾಂವ."

ಫಟಫಟಿ ಅಂದರೆ ಮೋಟಾರ್ ಸೈಕಲ್ಲು. ನಮ್ಮ ಹತ್ತಿರ ಇದ್ದದ್ದು ಎರಡು ಜೋಡಿ ಎತ್ತು. ಅಪ್ಪ ಹರೇದ ಜೋಡಿ ಮಾರಿದ. ಎತ್ತು ಹೋದ ದಿನ ಅವ್ವ ಊಟ ಮಾಡಲಿಲ್ಲ. ಅಪ್ಪ ಅವುಗಳ ಕೊರಳ ಗೆಜ್ಜಿ ಸರ ಬಿಚ್ಚಿಟ್ಟುಕೊಂಡು, ಬರಿದಾದ ಗೋದಲಿ ನೋಡುತ್ತ, "ಇನ್ನ ಇದರಾಗ ನಿನ್ನ ಗಾಡಿ ಮೇಯಬೇಕು ನೋಡಪಾ," ಅಂದ. ಆ ದಿನ ನಾನು ಯಾರ ಸೋಗೂ ಹಾಕಲಿಲ್ಲ. ಕೆಲಸ ಸಿಕ್ಕರೆ ಸರಿ. ಸಿಗದಿದ್ದರೆ ಆ ಜೋಡಿಯನ್ನು ನಾನೇ ತಿಂದು ತೇಗಿದಂತೆ.

ಗಾಡಿ ಆರಿಸಲು ಹುಬ್ಬಳ್ಳಿಯ ಒಬ್ಬ ಮಿಸ್ತ್ರಿಯ ಅಂಗಳಕ್ಕೆ ಹೋದೆವು. ಎರಡು ಗಾಡಿ ನಿಂತಿದ್ದವು. ಒಂದು ಕೆಂಪಗೆ, ತೆಳ್ಳಗೆ, ಯಾರೋ ಡಾಕ್ಟರರು ಹತ್ತಿ ಬಿಟ್ಟದ್ದು. ಅದರ ಹಿತ್ತಾಳೆ ಭಾಗಗಳಲ್ಲಿ ನನ್ನ ಮುಖ ಕಾಣುತ್ತಿತ್ತು. ಆ ಕ್ಷಣಕ್ಕೇ ಮನಸ್ಸು ಕೊಟ್ಟುಬಿಟ್ಟೆ. ಇನ್ನೊಂದು ಲಷ್ಕರದವರು ಲಿಲಾವಿನಲ್ಲಿ ಕೂಗಿ ಮಾರಿದ್ದು; ಸಗಣಿ ಬಣ್ಣ, ಎಮ್ಮೆಯಂಥ ಮೈ.

ಅಪ್ಪನಿಗೆ ಗಾಡಿ ಗೊತ್ತಿಲ್ಲ, ಎತ್ತು ಗೊತ್ತು. ಸಂತೆಯಲ್ಲಿ ಎತ್ತು ನೋಡುವ ಹಾಗೆಯೇ ನೋಡಿದ. ಕೆಂಪನೆಯದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆನ್ನಿನ ಮೇಲೆ ಅಂಗೈ ಆಡಿಸಿ, ಹಿಂದಿನಿಂದ ಫಟ್ಟನೆ ಒಂದು ಪೆಟ್ಟು ಕೊಟ್ಟ. ಗಾಡಿ ಅಲ್ಲಾಡಿತು.

"ಅಂಜಬುರಕ ಐತಿ," ಅಂದ.

"ಅಪ್ಪಾ, ಅದು ಗಾಡಿ. ಅಂಜೂದಿಲ್ಲ."

"ಸುಮ್ಮನಿರು. ನೆತ್ತಿ ಮ್ಯಾಲಿನ ಈ ತಗ್ಗು ನೋಡು. ಎತ್ತಿಗೆ ಇಲ್ಲಿ ಸುಳಿ ಇದ್ರ ಮಾಲಕನ್ನ ತಿಂತೈತಿ."

ಮಿಸ್ತ್ರಿ ಬಾಯಲ್ಲಿ ಬೀಡಿ ಇಟ್ಟುಕೊಂಡೇ, "ಕಾಕಾ, ಅದು ಡಾಕ್ಟರ್ ಸಾಬ್ ಗ್ವಾಡಿಗೆ ಹಾಯಿಸಿದ್ದು," ಅಂದ.

"ನೋಡು! ತಿಂದೈತಿ!" ಅಂದ ಅಪ್ಪ ಗೆದ್ದವನ ಹಾಗೆ.

ಲಷ್ಕರದ್ದನ್ನು ಬಡಿದರೆ ಅಪ್ಪನ ಕೈಯೇ ನೋವಾಯಿತು. ಅಲ್ಲಿಗೆ ಆಯ್ಕೆ ಮುಗಿಯಿತು. "ದುಡಿಯೂ ಜೀವಕ್ಕ ಮೈ ಇರಬೇಕು," ಅಂದ. ಹೊರಡುವಾಗ ಆ ಕೆಂಪು ಗಾಡಿಯನ್ನು ನಾನು ಮೂರು ಸಲ ಹೊಳ್ಳಿ ನೋಡಿದೆ. ಅಪ್ಪ ಮಿಸ್ತ್ರಿಗೆ ಕೊನೆಯ ಪ್ರಶ್ನೆ ಕೇಳುತ್ತಿದ್ದ: "ಹಾಯೂ ಚಟಾ ಏನಾರ ಐತೇನು?" ಮಿಸ್ತ್ರಿ ನನ್ನ ಮೇಲೆ ಕಣ್ಣಾಡಿಸಿ, "ಗಾಡಿಗೆ ಇಲ್ಲ ಕಾಕಾ," ಅಂದ.

ಅವನ ಮಾತು ಸುಳ್ಳಾಗಲಿಲ್ಲ. ನಮ್ಮ ಹೊಲದ ಕಣದಲ್ಲಿ ಹತ್ತುವುದನ್ನು ಕಲಿತೆ. ಇಡೀ ಕಣ ಖಾಲಿ ಇದ್ದರೂ ಗಾಡಿ ಒಂದೇ ಒಂದು ಮೇವಿನ ಬಣವಿಯನ್ನು ಹುಡುಕಿಕೊಂಡು ಹೋಗಿ ಹಾಯುತ್ತಿತ್ತು. "ಹಸಿವ್ಯಾಗಿರಬೇಕು," ಅನ್ನುತ್ತಿದ್ದಳು ಅವ್ವ.

ಇನ್ನು ವಿಮೆ. ಸರಕಾರ ಹೊಸದಾಗಿ ಕಾಯಿದೆ ತಂದಿತ್ತು: ವಿಮೆಯ ಕಾಗದ ಇಲ್ಲದೆ ಮೋಟಾರನ್ನು ರಸ್ತೆಗೆ ಇಳಿಸುವಂತಿಲ್ಲ. ಧಾರವಾಡದಿಂದ ಏಜೆಂಟರು ಬಂದರು. ಅವರು ಜನ್ಮವೆಲ್ಲ ಮನುಷ್ಯರ ಜೀವಕ್ಕೆ ವಿಮೆ ಇಳಿಸಿದವರು. ಗಾಡಿಯ ವಿಮೆ ಅವರಿಗೂ ಹೊಸದು. ಬಾಯಿಪಾಠ ಬಿಡಬೇಕಲ್ಲ?

"ನಿಮ್ಮ ಅಜ್ಜಾರು ಯಾವ ಜಡ್ಡಿನಿಂದ ಹೋದರು ಅಂತೀರಿ?"

"ಹಾವು ಕಡದ್ರಿ," ಅಂದ ಅಪ್ಪ. "ಅದಕ್ಕೂ ಈ ಗಾಡಿಗೂ ಏನ್ರಿ?"

"ಏನೂ ಇಲ್ಲರೀ. ಕೇಳೋ ಪದ್ಧತಿ ಅದ," ಅಂದರು ಏಜೆಂಟರು, ಕನ್ನಡಕ ತೆಗೆದು, ಉಸಿರು ಊದಿ, ಧೋತರದ ಚುಂಗಿನಿಂದ ಒರೆಸುತ್ತ. ಎಂಥ ಒರೆಸುವುದು ಅಂತೀರಿ! ಮಗುವಿನ ಮುಖ ಒರೆಸಿದ ಹಾಗೆ. ನಾನು ನೋಡಿಯೇ ನೋಡಿದೆ. ಸಂಜೆಯ ಕಟ್ಟೆಗೆ ಹೊಸ ಸೋಗು ಸಿಕ್ಕಿತ್ತು.

ಅವ್ವ ಬಾಗಿಲ ಮರೆಯಿಂದ ಕೇಳಿದಳು: "ಇಂವಾ ಬಿದ್ದರ ಎಷ್ಟ ಕೊಡತಾರಂತ?"

"ಇವರು ಬಿದ್ದರ ಏನೂ ಇಲ್ಲರೀ ತಾಯಿ. ಇವರು ಯಾರ ಮ್ಯಾಲೆ ಬೀಳತಾರ, ಅವರಿಗೆ ಅದ."

ಅವ್ವ ಬಾಗಿಲ ಮರೆಯಿಂದ ಈಚೆಗೇ ಬಂದಳು. "ಹಂಗಂದ್ರ ಬಿದ್ದಾಂವ ನಮ್ಮಾಂವ, ರೊಕ್ಕಾ ಮಂದೀಗಿ? ಯಾ ಊರ ನ್ಯಾಯಾರಿ ಇದು?"

"ಮತ್ತ ಇವರ ವಯಸ್ಸು ಸಣ್ಣದು, ಕೈ ಹೊಸದು. ಅದಕ್ಕ ಹಪ್ತೆ ಜರಾ ಜಾಸ್ತಿ ಅದ."

ಇದು ಅಪ್ಪನಿಗೆ ನಾಟಿತು. "ಹರೇದ ಎತ್ತಿಗೆ ಜಾಸ್ತಿ ಕೊಡತಾರ, ಖರೇ. ಅದು ದುಡೀತೈತಿ. ಹರೇದ ಮಗನಿಗೆ ನಾವ್ಯಾಕ ಜಾಸ್ತಿ ಕೊಡೂದ್ರಿ? ಉಲ್ಟಾ ಆತಲ್ಲ!"

ಕಡೆಗೂ ಎಲ್ಲ ಮುಗಿಯಿತು ಅನ್ನುವಾಗ ಏಜೆಂಟರು, "ಎಂದಿನಿಂದ ಚಾಲೂ ಮಾಡಲಿ?" ಅಂದರು. ನಾನು ಅವರ ಕನ್ನಡಕದಲ್ಲೇ ಮುಳುಗಿದ್ದೆ. ಅಪ್ಪ ಏನೋ ಹೇಳಿದ. ಅವರು ಬರೆದುಕೊಂಡರು. ಕಾಗದ ಬಂತು, ಅವ್ವ ಅದಕ್ಕೆ ಭಸ್ಮ ಹಚ್ಚಿ ದೇವರ ಮಾಡದಲ್ಲಿ ಇಟ್ಟಳು.

ಅಮಾಸಿಯ ಮುಂಜಾನೆ ಹೊರಡಲು ಕಾಗದ ತೆಗೆದು ಓದಿದೆ. ವಿಮೆ ಜಾರಿಗೆ ಬರುವುದು ಮರುದಿನದಿಂದ!

"ಅಪ್ಪಾ! ಇದೇನಿದು? ನಾಳಿಯಿಂದ ಅಂತ ಐತಿ!"

"ಹೌದು. ನಾನ ಹೇಳಿ ಬರಸೇನಿ. ಅಮಾಸಿ ಒಳಗ ಹೊಸಾ ಕೆಲಸಾ ಸುರು ಮಾಡತಾರೇನು? ಯುಗಾದಿ ಪಾಡ್ಯಾ ಅಂದ್ರ ಮೂರೂವರಿ ಮುಹೂರ್ತದಾಗ ಒಂದು. ಅಯ್ಯನವರ್ನ ಕೇಳೂದ ಬ್ಯಾಡ."

"ಸಾವಕಾರರು ಕರದದ್ದು ಇವತ್ತಲ್ಲ!"

"ಇವತ್ತ ಬರೇ ತೋರಸೂದು. ತೋರಸಾಕ ವಿಮಾ ಯಾಕ ಬೇಕು? ಮಾರಿ ತೋರಸೂದಕ್ಕೂ ವಿಮಾ ಏನು?"

ತಲೆ ಚಚ್ಚಿಕೊಳ್ಳಬೇಕು ಅನಿಸಿತು. ಹಾಗೇ ಹತ್ತಿ ಹೋಗೋಣವೆಂದರೆ ಕೆರೆ ಏರಿಯ ಮೇಲೆ ಪೊಲೀಸಪ್ಪ. ಹೊಸ ಕಾಯಿದೆ ಬಂದಾಗಿನಿಂದ ಅವನಿಗೆ ಹಿಡಿಯಲು ಒಂದು ಮೋಟಾರೂ ಸಿಕ್ಕಿರಲಿಲ್ಲ. ಮೇಲಾಗಿ ಅವನ ಸೀನಿನ ಸೋಗು ಅವನ ಕಿವಿಗೂ ಮುಟ್ಟಿತ್ತು. ಊರಿನಲ್ಲಿ ಬೇರೆ ಯಾರನ್ನು ಬಿಟ್ಟರೂ ನನ್ನನ್ನು ಬಿಡುವವನಲ್ಲ.

"ಹಂಗಾರ ಚಕ್ಕಡಿ ಹೂಡು. ಗಾಡೀನ ಅದರಾಗ ಏರಿಸಿಕೊಂಡು ಹೋಗತೇನಿ," ಅಂದೆ.

ಅಪ್ಪ ನನ್ನನ್ನು ನೋಡಿದ ನೋಟಕ್ಕೆ ಉಳಿದ ಮುದಿ ಜೋಡಿಯೂ ಕಿವಿ ನಿಮಿರಿಸಿತು. "ಅಮಾಸಿ ದಿನಾ ಬಸವಣ್ಣನ ಹೆಗಲಿಗೆ ನೊಗಾ ಇಡಂತಿ? ಮೆಟ್ರಿಕ್‌ದಾಗ ಇದನ್ನ ಕಲಿಸಿದ್ರೇನು?"

ಎತ್ತಿಗೆ ಸೂಟಿ, ವಿಮೆಗೆ ಸೂಟಿ. ನನಗೊಬ್ಬನಿಗೇ ಇಲ್ಲ. ಎಮ್ಮೆಯಂಥ ಆ ಗಾಡಿಯ ಕೊಂಬು ಹಿಡಿದು ದೂಡಲು ನಿಂತೆ. ಸಿಟ್ಟು ಹೊರಗೆ ಹೋಗಲೆಂದು ಬಾಯಿಂದಲೇ ಗಾಡಿ ಚಾಲೂ ಮಾಡಿದೆ: ಡುಗ್ ಡುಗ್ ಡುಗ್ ಡುರ್‍ರ್‍ರ್! ಅಪ್ಪ ಪೂಜೆ ಬಿಟ್ಟು ಒದ್ದೆ ಪಂಚೆಯಲ್ಲೇ ಹೊರಗೆ ಓಡಿ ಬಂದ. "ಬಂದ್ ಮಾಡೋ! ನಾಳಿಯಿಂದ ಅಂತ ಹೇಳಿಲ್ಲ?" ಗಾಡಿ ತೆಪ್ಪಗೆ ನಿಂತದ್ದನ್ನೂ ನನ್ನ ತುಟಿಗಳನ್ನೂ ನೋಡಿ, ಪಂಚೆಯ ಅಂಚು ಹಿಂಡಿಕೊಳ್ಳುತ್ತ ಒಳಗೆ ಹೋದ.

ಏರಿಯ ಮೇಲೆ ಪೊಲೀಸಪ್ಪ ದಾರಿಗೆ ಅಡ್ಡ ಬಂದ.

"ಕಾಗದಾ?"

"ಐತ್ರಿ ಸಾಹೇಬ್ರ, ನಾಳಿಯಿಂದ್ರಿ. ಅದಕ್ಕ ದೂಡಾಕತ್ತೇನ್ರಿ. ದೂಡಾಕೂ ಕಾಗದ ಬೇಕೇನ್ರಿ?"

ಅವನು ಭಾಳ ವಿಚಾರ ಮಾಡಿದ. ಇಂಥ ಅಪರಾಧ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ದೂಡಬಹುದು," ಅಂದ ಕಡೆಗೆ. "ಆದ್ರ ನಡುವ ಏರಿಬಿಟ್ರ? ನಾ ಸಂಗಾಟ ಬರತೇನಿ."

ಬಂದ. ಸೈಕಲ್ ಮೇಲೆ, ಆರಾಮಾಗಿ, ನನ್ನ ಮಗ್ಗುಲಿಗೆ. ಬಿಸಿಲು ನೆತ್ತಿಗೆ ಏರುತ್ತಿತ್ತು. ದಾರಿಯ ಮೇಲಿನ ಮಂದಿಗೆ ಅವತ್ತೇ ಯುಗಾದಿ. "ಯಾಕೋ, ಗಾಡಿ ನಿನ್ನ ಹತ್ತೇತೇನು?" ಅಂದವನೊಬ್ಬ. "ಎರಡು ಸೇರು ಹುರುಳಿ ಇಡ್ರೋ ಅದಕ್ಕ," ಅಂದವನೊಬ್ಬ. ನಾನು ಇದ್ದ ಉಸಿರನ್ನೆಲ್ಲ ದೂಡಲಿಕ್ಕೇ ಇಟ್ಟುಕೊಂಡೆ.

"ನನ್ನ ಸೀನು ಮಾಡಿ ತೋರಸ್ತಿಯಂತಲ್ಲ?" ಪೊಲೀಸಪ್ಪ ಮೆಲ್ಲಗೆ ಕೇಳಿದ. "ಮಾಡು, ನೋಡೂಣು."

"ಈಗ... ಆಗೂದಿಲ್ರಿ..."

"ಹಂಗಾರ ನಾ ಒಂದ ತೋರಸತೇನಿ." ಸೈಕಲ್ಲಿನಿಂದ ಇಳಿದ. ನಡು ಬಗ್ಗಿಸಿ, ನಾಲಗೆ ಹೊರಗೆ ಹಾಕಿ, ಎರಡೂ ಮೊಣಕಾಲು ಹೊರಕ್ಕೆ ತಿರುಗಿಸಿ ಸೈಕಲ್ ದೂಡುತ್ತ ಹತ್ತು ಹೆಜ್ಜೆ ನಡೆದ. ನಡುನಡುವೆ ಹಣೆ ಒರೆಸಿಕೊಂಡು ದೇವರನ್ನು ಬೈಯುವ ಹಾಗೆ ಮೇಲೆ ನೋಡಿದ. ಬೇಲಿ ಮಗ್ಗುಲ ಕೂತಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಖರೇ ಹೇಳಬೇಕೆಂದರೆ ಭಾಳ ಛಲೋ ಮಾಡಿದ. ಅದೇ ನನಗೆ ಹೆಚ್ಚು ಸಂಕಟವಾದದ್ದು.

ಅರಳಿ ಪೇಟೆ ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ಸಾವಕಾರರ ಅಂಗಡಿಯಲ್ಲಿ ಪೂಜೆ ಮುಗಿದು ಊದಿನಕಡ್ಡಿ ಹೊಗೆ ನಿಂತಿತ್ತು. ನಾನು ಬಾಗಿಲಲ್ಲಿ ನಿಂತರೂ ಅವರು ತಲೆ ಎತ್ತಲಿಲ್ಲ. ಕೆಮ್ಮಿದಾಗ ನೋಡಿದರು; ನನ್ನನ್ನಲ್ಲ, ಪೊಲೀಸಪ್ಪನನ್ನು.

"ಇವರನ್ನ ಯಾಕ ಕರಕೊಂಡ ಬಂದಿ?"

"ನಾ ಕರಕೊಂಡ ಬಂದಿಲ್ರಿ ಸಾವಕಾರ್ರ. ಅವರ ನನ್ನ ಕರಕೊಂಡ ಬಂದಾರ್ರಿ."

"ಗಾಡಿ ಕೆಟ್ಟೈತೇನು?"

"ಇಲ್ರಿ. ಛಲೋ ಐತ್ರಿ. ವಿಮಾನೂ ಐತ್ರಿ, ನಾಳಿಯಿಂದ್ರಿ," ಎಂದು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಮಾರಿದ ಜೋಡಿ ಕಣ್ಣ ಮುಂದೆ ಬಂದು ನಿಂತಿತು. ಗಾಡಿ ತೋರಿಸಲು ಬಂದು, ಅದು ನಡೆಯುತ್ತದೆಂದು ತೋರಿಸಲಾಗದವನಿಗೆ ಯಾರು ಕೆಲಸ ಕೊಡುತ್ತಾರೆ?

"ಪಾಡ್ಯಾದಿಂದ ಬರಸಿದವರು ಯಾರು?"

"ನಮ್ಮ ಅಪ್ಪಾರಿ."

"ಶಾಣ್ಯಾ ಅದಾನ," ಅಂದರು. ನನಗೆ ಅಲ್ಲೇ ನೆಲಕ್ಕೆ ಕೂತುಬಿಡಬೇಕು ಅನಿಸಿತು.

ಸಾವಕಾರರ ಸೋಗು ಹಾಕಲು ನನಗೆ ಇವತ್ತಿಗೂ ಬಂದಿಲ್ಲ. ಮಾತಾಡುವಾಗ ಅವರ ತುಟಿ ಬಿಟ್ಟು ಬೇರೇನೂ ಅಲ್ಲಾಡುವುದಿಲ್ಲ. ಹಿಡಿಯಲು ಏನೂ ಸಿಗುವುದಿಲ್ಲ. ಎದ್ದು ಬಂದು ಗಾಡಿಯನ್ನು ನೋಡಿದರು. "ನೀ ಬಂದು ಬಾಗಲದಾಗ ನಿಂತರೂ ನನಗ ಗೊತ್ತಾಗಲಿಲ್ಲ," ಅಂದರು.

"ತಪ್ಪಾತ್ರಿ."

"ತಪ್ಪಲ್ಲ, ಕೇಳು. ಹ್ವಾದ ವಾರ ಬ್ಯಾರೇ ಅಡತಿಯಾಂವ ಒಬ್ಬ ಫಟಫಟಿ ಮ್ಯಾಲೆ ಮುಗದ ಅನ್ನೂ ಹಳ್ಳಿಗೆ ಹೋಗಿದ್ದ. ಊರ ಹೊರಗ ಸಪ್ಪಳ ಕೇಳಿದ್ದ ತಡಾ, ಮಂದಿ ಅರಳಿ ದರಾ ಏರಿಸಿ ಕುಂತ್ರಂತ. ಮೋಟಾರ ಹತ್ತಿ ಓಡಿ ಬರಾಂವಗ ಗರಜು ಭಾಳ ಅಂತ ಅವರಿಗೆ ಗೊತ್ತಾಗೂದಿಲ್ಲೇನು? ನಾವು ಕೈಮ್ಯಾಲೆ ಅರಿವಿ ಹೊಚ್ಚಿ, ಒಳಗ ಬಟ್ಟು ಮುಟ್ಟಿ ದರಾ ಮಾಡೂ ಮಂದಿ. ಮಗ್ಗುಲಿನ್ಯಾಂವಗೂ ತಿಳೀಬಾರದು. ಡಂಗರಾ ಹೊಡಕೊಂತ ಹೋದ್ರ ಹೆಂಗ?"

"ಹಂಗಾರ ಏನ್ ಮಾಡೂದ್ರಿ?"

"ಊರ ಅಗಸಿ ಬಾಗಲತನಕಾ ಲಗೂ ಲಗೂ ಹತ್ತಿಕೊಂಡು ಹೋಗು. ಅಲ್ಲಿ ಬಂದ್ ಮಾಡು. ಒಳಗ ದೂಡಕೊಂತ ಹೋಗು." ನನ್ನ ತೊಯ್ದ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದರು. "ದೂಡಾಕಂತೂ ನಿನಗ ಬರತೈತಿ."

"ಅಂದ್ರ ಕೆಲಸಾ..."

"ಇವತ್ತ ಅಮಾಸಿ. ಇವತ್ತ ನಾ ಯಾರಿಗೂ ಹ್ಞೂಂ ಅನ್ನೂದಿಲ್ಲ. ನಾಳೆ ಬೇವು-ಬೆಲ್ಲಾ ತಿಂದು ಬಾ, ಹ್ಞೂಂ ಅಂತೇನಿ." ಪೂಜೆಯ ತೆಂಗಿನಕಾಯಿ ಹೋಳು ಕೊಟ್ಟರು. ಪೊಲೀಸಪ್ಪನಿಗೆ ದೊಡ್ಡದು.

ಹೊಳ್ಳಿ ಬರುವಾಗಲೂ ದೂಡಲೇಬೇಕಿತ್ತು. ಉಣಕಲ್ಲಿನ ಏರಿಯಲ್ಲಿ ಗಾಡಿ ಇದ್ದಕ್ಕಿದ್ದಂತೆ ಹಗುರಾಯಿತು. ತಿರುಗಿ ನೋಡಿದರೆ ಪೊಲೀಸಪ್ಪ ಒಂದು ಕೈಯಲ್ಲಿ ಸೈಕಲ್ ಹಿಡಿದು, ಇನ್ನೊಂದು ಕೈಯಿಂದ ಹಿಂದಿನಿಂದ ದೂಡುತ್ತಿದ್ದ. "ಮುಂದ ನೋಡು," ಅಂದ. ಅಷ್ಟರಲ್ಲಿ ಅವನಿಗೆ ಸೀನು ಬಂತು. ಖರೇ ಸೀನು. ನಾನು ಹಾಕುತ್ತಿದ್ದ ಸೋಗು ಅದರ ಕಾಲ ಧೂಳಿಗೂ ಸಮವಿರಲಿಲ್ಲ.

ಮರುದಿನ ಯುಗಾದಿ. ಸ್ನಾನ ಮಾಡಿ ಹೊರಗೆ ಬಂದರೆ ಅಪ್ಪ ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ದೀಪದ ಗಾಜಿಗೆ ಮೂರು ಬೆರಳಿನ ವಿಭೂತಿ ಬಿದ್ದಿತ್ತು. ಕೊಂಬಿಗೆ, ಮಾರಿದ ಎತ್ತಿನ ಗೆಜ್ಜಿ ಸರ ಕಟ್ಟುತ್ತಿದ್ದ.

"ಅಪ್ಪಾ, ಸಪ್ಪಳ ಮಾಡಬಾರದಂತ ಸಾವಕಾರರು ಹೇಳ್ಯಾರ!"

"ಗೆಜ್ಜಿಗೆ ಯಾರು ಅಂಜತಾರ?" ಅಂದ, ಗಂಟು ಬಿಗಿಯುತ್ತ. ಕೈ ಸ್ವಲ್ಪ ಹೊತ್ತು ಗಂಟಿನ ಮೇಲೆಯೇ ಇತ್ತು. ಇನ್ನೊಂದು ಕೊಂಬಿನ ಗಂಟನ್ನು ನಾನೇ ಕಟ್ಟಿದೆ.

ಸಾವಕಾರರು ಅವತ್ತು ಹ್ಞೂಂ ಅಂದರು; ತುಟಿ ಮಾತ್ರ ಅಲ್ಲಾಡಿತು. ಮೊದಲ ಊರು ಮುಗದ. ಹುಬ್ಬಳ್ಳಿ ಬಿಟ್ಟು, ಧಾರವಾಡ ದಾಟಿ, ವಿಮೆಯುಳ್ಳ ಮನುಷ್ಯನಾಗಿ ಎದೆ ಉಬ್ಬಿಸಿಕೊಂಡು ಹತ್ತಿಕೊಂಡು ಹೋದೆ. ಅಗಸಿಯ ಹೊರಗೆ ಇಳಿದೆ, ಬಂದ್ ಮಾಡಿದೆ, ಹಲ್ಲು ಕಚ್ಚಿ ದೂಡಿದೆ. ಝಲ್, ಝಲ್, ಝಲ್.

ಅಂಗಳದಲ್ಲಿ ಅರಳಿ ಹರವುತ್ತಿದ್ದ ಮುದುಕಿಯೊಬ್ಬಳು ತಲೆ ಎತ್ತದೆ ಒಳಗಿನವರಿಗೆ ಕೂಗಿ ಹೇಳಿದಳು: "ಯಾರದೋ ಚಕ್ಕಡಿ ಬಂತು. ಬಿಸಲಾಗ ದಣದಿರತಾವ, ಎತ್ತಿಗೆ ನೀರ ಇಡ್ರಿ."

ಕೊಡ ತುಂಬ ನೀರು ಬಂತು. ಎತ್ತು ಎಲ್ಲಿ ಎಂದು ಯಾರಾದರೂ ಕೇಳುವ ಮೊದಲೇ ನಾನು ಕುಡಿದುಬಿಟ್ಟೆ.