ಮುಚ್ಚದೇ ಉಳಿದ ಎರಡು ಸ್ಟಾರ್

ರೇಡಿಯೋ ಕೇಂದ್ರದ ನಾಟಕ ವಿಭಾಗದಲ್ಲಿ ಟೈಪಿಸ್ಟ್ ಆಗಿದ್ದ ಆಕೆಗೆ ಸ್ಟಾರಕ್ಕ ಎಂಬ ಹೆಸರು ಬಿದ್ದದ್ದು ತಮ್ಮನ ದೆಸೆಯಿಂದ. ಅಲ್ಲಿಯವರೆಗೂ ದಿನವಿಡೀ ಮೌಸ್ ಹಿಡಿದು ಕೆಲವು ಮಾತುಗಳನ್ನು ದಪ್ಪ ಮಾಡುವುದು, ಕೆಲವನ್ನು ಓರೆ ಮಾಡುವುದು. ಒಂದು ಸಾಲು ತಿದ್ದಿದರೆ ಇಡೀ ಪುಟ ಕೆಳಗೆ ಜಾರುತ್ತಿತ್ತು. ಆಕೆ ಹಲ್ಲು ಕಡಿಯುತ್ತಿದ್ದಳು.

ತಮ್ಮ ಯಂತ್ರಗಳ ಕೈಪಿಡಿ ಬರೆಯುವವನು. ಒಂದು ಭಾನುವಾರ ಮನೆಗೆ ಬಂದವನು ಹೇಳಿದ: "ಅಕ್ಕ, ಸುಮ್ನೆ ಅಕ್ಷರ ಹೊಡ್ಕೊಂಡು ಹೋಗು. ದಪ್ಪ ಆಗ್ಬೇಕಾದ ಮಾತಿನ ಆಚೆ ಈಚೆ ಎರಡೆರಡು ಸ್ಟಾರ್. ಓರೆಗೆ ಅಡಿಗೆರೆ. ತಲೆಬರಹದ ಮುಂದೆ ಒಂದು ಹ್ಯಾಶ್. ಪ್ರಿಂಟ್ ಹೊತ್ತಿಗೆ ಸಣ್ಣದೊಂದು ಕಂಪ್ಯೂಟರ್ ಪ್ರೋಗ್ರಾಮು ಎಲ್ಲಾ ಸಿಂಗಾರ ಮಾಡುತ್ತೆ."

"ಅಷ್ಟೇನಾ?"

"ಅಷ್ಟೇ."

ಆಕೆಗೆ ರೆಕ್ಕೆ ಬಂತು. ಟೇಲರ್ ಆಗಿದ್ದ ಗಂಡನಿಗೆ ಹಾಲು ತನ್ನಿ ಎಂದು ಕಳಿಸುವ ಮೆಸೇಜಿನಲ್ಲೂ ಸ್ಟಾರುಗಳು ಮಿನುಗತೊಡಗಿದವು.

"ಇದೇನೇ, ಹಾಲಿನ ಸುತ್ತ ಹೂವು ಬಿಡಿಸಿದ್ದೀಯ?" ಎಂದು ಆತ ಕೇಳಿದ.

"ಒತ್ತಿ ಹೇಳಿದೀನಿ. ಮರೆತು ಬಂದ್ರೆ ನೋಡಿ."

ಅಂಥದ್ದರಲ್ಲಿ ಒಂದು ಸಂಜೆ, ನೇರ ಪ್ರಸಾರದ ನಾಟಕಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಆ ಸಿಂಗಾರದ ಪ್ರೋಗ್ರಾಮು ಮುಷ್ಕರ ಹೂಡಿತು. ಪ್ರಿಂಟರಿನಿಂದ ಸಿಂಗಾರವಿಲ್ಲದ ಹಾಳೆಗಳು ಬಂದವು, ತುಂಬ ಸ್ಟಾರು, ಗೆರೆ, ಹ್ಯಾಶು. ನಿರ್ದೇಶಕರ ಮುಖ ಬಿಳಿಚಿಕೊಂಡಿತು. "ಇದನ್ನ ಹೇಗಮ್ಮಾ ಓದೋದು?"

"ಹೀಗೇ ಓದಬಹುದು ಸರ್," ಎಂದ ಸ್ಟಾರಕ್ಕ ನಟರ ಕಡೆ ತಿರುಗಿದಳು. "ಸ್ಟಾರ್ ಶುರುವಾದಲ್ಲಿಂದ ಮುಗಿಯೋವರೆಗೂ ಗಟ್ಟಿ ದನಿ. ಅಡಿಗೆರೆಗಳ ನಡುವೆ ಇರೋದು ಪಿಸುಮಾತು."

ನಟರು ಒಮ್ಮೆ ಕಣ್ಣಾಡಿಸಿ ತಲೆದೂಗಿದರು. ಪ್ರಸಾರ ಶುರುವಾಯಿತು, ನೀರು ಕುಡಿದಷ್ಟು ಸಲೀಸಾಗಿ ಸಾಗಿತು. ಗಾಜಿನಾಚೆ ಕೂತ ನಿರ್ದೇಶಕರು ಹೆಬ್ಬೆರಳೆತ್ತಿ ತೋರಿಸಿದರು.

ಕೊನೆಯ ದೃಶ್ಯ ಅಜ್ಜನ ಸಾವಿನದು. ಅಜ್ಜನಾಗಿದ್ದವರು ನಿವೃತ್ತ ಬಸ್ ಕಂಡಕ್ಟರ್, ಗಂಟಲು ಅಂದರೆ ಗಂಟಲು. "ಮಗಳೇ" ಎಂಬ ಮಾತು ಶುರುವಾಗುವಲ್ಲಿ ಸ್ಟಾರಕ್ಕ ಎರಡು ಸ್ಟಾರ್ ಹಾಕಿದ್ದಳು. ಮುಗಿಯುವಲ್ಲಿ ಹಾಕುವುದು ಮರೆತುಹೋಗಿತ್ತು. ಹೇಳಿದಂತೆ ಕೇಳುವ ಆ ಮನುಷ್ಯ, ಮುಗಿಯುವ ಗುರುತು ಸಿಗದೆ, ಕೊನೆಯುಸಿರೆಳೆಯುವ ಅಜ್ಜನ ಮಾತನ್ನೆಲ್ಲ ತುಂಬಿದ ಬಸ್ಸಿನಲ್ಲಿ ಟಿಕೆಟ್ ಕೇಳುವವರಂತೆ ಕೂಗಿದರು.

"ನನಗೆ ಮಾತಾಡೋಕೂ ಶಕ್ತಿ ಇಲ್ಲ!"

ಮಗಳ ಪಾತ್ರದ ನಟಿ ನಗು ತಡೆಯಲಾರದೆ ಬಾಯಿಗೆ ಸೆರಗು ತುರುಕಿಕೊಂಡಳು. ಆ ಸದ್ದನ್ನು ಕೇಳುಗರು ಬಿಕ್ಕುವುದೆಂದೇ ತಿಳಿದಿರಬೇಕು. ಸ್ಟಾರಕ್ಕನಿಗೆ ತನ್ನ ತಪ್ಪು ಹೊಳೆಯಿತು, ಹಿಂದೆಯೇ ನಗು ಉಕ್ಕಿ ಬಂತು. ಆಕೆ ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ಸ್ಟುಡಿಯೋದೊಳಗೆ ಹೋಗಿ, ಅಜ್ಜ ಕೂಗುತ್ತಿದ್ದ ಸಾಲಿನಲ್ಲೇ ಪೆನ್ಸಿಲಿನಿಂದ ಎರಡು ಸ್ಟಾರ್ ಗೀಚಿದಳು. ದನಿ ಅಲ್ಲಿಗೇ ದೊಪ್ಪನೆ ಬಿತ್ತು. "ಹೊರಟೆ" ಎಂಬ ಕೊನೆಯ ಮಾತು ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗಿತ್ತು.

ಪ್ರಸಾರದ ಕೆಂಪು ದೀಪ ಆರುವುದೇ ತಡ, ಫೋನು ಬಡಿದುಕೊಳ್ಳತೊಡಗಿತು. ಒಬ್ಬಾಕೆ ಅಳುತ್ತಿದ್ದರು: ಅಷ್ಟು ಗಟ್ಟಿ ಜೀವ ಹೀಗೆ ತಟ್ಟನೆ ಹೋಗಬಹುದೇ ಎಂದು. ಇನ್ನೊಬ್ಬರು ನಕ್ಕೂ ನಕ್ಕೂ ಮಾತೇ ಆಡಲಾರದೆ ಫೋನಿಟ್ಟರು. ಮತ್ತೊಬ್ಬರದು ನೇರ ಪ್ರಶ್ನೆ: "ಅವರು ಸತ್ತಿಲ್ಲ ತಾನೇ?"

ಬೈಗುಳಕ್ಕೆ ಬಾಯಿ ತೆರೆದಿದ್ದ ನಿರ್ದೇಶಕರು ರಿಸೀವರ್ ಹಿಡಿದೇ ಸ್ಟಾರಕ್ಕನನ್ನು ನೋಡಿದರು. ಆಮೇಲೆ ಫೋನಿನಲ್ಲಿ, "ಇಲ್ಲ ಸ್ವಾಮಿ, ನಿದ್ದೆ ಹತ್ತಿದೆ ಅಷ್ಟೆ. ಮುಂದಿನ ವಾರ ಏಳ್ತಾರೆ," ಎಂದುಬಿಟ್ಟರು.

ಹೀಗೆ ಆ ನಾಟಕ ವಾರವಾರದ ಧಾರಾವಾಹಿಯಾಯಿತು; ಸಾಯಬೇಕಿದ್ದ ಅಜ್ಜ ಎರಡು ವರ್ಷ ರೇಡಿಯೋದಲ್ಲಿ ಜಗಳವಾಡಿಕೊಂಡು ಬದುಕಿದರು. ಆ ಸಂಜೆ ಮಾತ್ರ ಸ್ಟಾರಕ್ಕ, ಕಂಡಕ್ಟರ್, ಮಗಳ ಪಾತ್ರದವಳು ಮೂವರೂ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡು ನಕ್ಕರು. ಎದುರಿನ ನಿಲ್ದಾಣದಿಂದ ಅವರು ಹತ್ತಬೇಕಿದ್ದ ಬಸ್ಸು ಹೊರಟುಹೋಯಿತು. ಯಾರೂ ಏಳಲಿಲ್ಲ.