ವೈನಿಯ ದೇಶದ ಮೂರು ತಿಂಗಳು

ನನಗೆ ಕೂತಲ್ಲಿ ಕೂರುವ ಸ್ವಭಾವವೇ ಇಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ಚಳಿಗಾಲದಲ್ಲಂತೂ ಬ್ರಿಟನ್ನಿನ ಹೇಸ್ ಊರಿನ ನಮ್ಮ ಬಾಡಿಗೆ ಮನೆಯ ಮೆಟ್ಟಿಲು ಹತ್ತಿ ಇಳಿದೇ ಕಾರ್ಪೆಟ್ ಸವೆಸಿದೆ. ಕೆಳಗೆ ಅಣ್ಣ, ವೈನಿ, ಅವರ ಎಳೆಗೂಸು. ಮೇಲಿನ ಕೋಣೆಯಲ್ಲಿ ನಾನು. ವೈನಿ, ಅಂದರೆ ಅತ್ತಿಗೆ, ಜಪಾನಿನವರು. ಧಾರವಾಡದಲ್ಲಿದ್ದ ಅವ್ವ ಮದುವೆಗೆ ಬರುವುದಿರಲಿ, ಅಣ್ಣನ ಜೊತೆ ಮಾತೇ ಬಿಟ್ಟಿದ್ದಳು. ಮೊಮ್ಮಗಳು ಹುಟ್ಟಿದ ಸುದ್ದಿಗೆ ಕರಗಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. “ನಾ ಬರೂತನಕ ಹೆಸರ ಇಡಬ್ಯಾಡ್ರಿ.”

ಅವ್ವನ ವೀಸಾ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ವಾರಗಳು ಉರುಳಿದವು. ಇಲ್ಲಿನ ರಿಜಿಸ್ಟ್ರಾರ್ ಹೆಸರಿಲ್ಲದೆಯೂ ಜನನ ಬರೆದುಕೊಂಡರು. ಅಣ್ಣ ಇಲ್ಲೇ ಕಾಯಂ ನೆಲೆಸಿದವನಾದ್ದರಿಂದ ಕೂಸಿಗೆ ಬ್ರಿಟಿಷ್ ಪೌರತ್ವ ಹುಟ್ಟಿನಿಂದಲೇ ಸಿಕ್ಕಿತು. ಅವನು ನಿಶ್ಚಿಂತನಾದ. ವೈನಿ ಆಗಲಿಲ್ಲ. ಹೊರದೇಶದಲ್ಲಿ ಹುಟ್ಟಿ ಇನ್ನೊಂದು ಪೌರತ್ವ ಪಡೆದ ಮಗುವಿಗೆ ಜಪಾನಿನದೂ ಉಳಿಯಬೇಕಾದರೆ ಮೂರು ತಿಂಗಳೊಳಗೆ ಅವರ ರಾಯಭಾರ ಕಚೇರಿಗೆ ಅರ್ಜಿ ಮುಟ್ಟಬೇಕು. ತಪ್ಪಿದರೆ ಹುಟ್ಟಿದ ದಿನದಿಂದಲೇ ಆ ಮಗು ಜಪಾನಿನದಲ್ಲ. ಅರ್ಜಿಯಲ್ಲಿ ಹೆಸರು ಬರೆಯಬೇಕಿದ್ದರಿಂದ ವೈನಿಯೂ ಅವ್ವನ ದಾರಿ ಕಾಯುತ್ತಿದ್ದರು.

ಅವರಲ್ಲಿ ಪ್ರತಿ ಕುಟುಂಬದ ಹುಟ್ಟು, ಮದುವೆ, ಸಾವು ಎಲ್ಲವೂ ಊರಿನ ಪುರಸಭೆಯ ಒಂದೇ ದಾಖಲೆಯಲ್ಲಿ ಇರುತ್ತವೆ. ವಿದೇಶಿಯಾದ ಅಣ್ಣ ವೈನಿಯ ದಾಖಲೆಯಲ್ಲಿ ಒಂದು ಸಾಲಿನ ಟಿಪ್ಪಣಿ ಮಾತ್ರ. ಮಗಳಾದರೂ ಪೂರ್ತಿಯಾಗಿ ಅಲ್ಲಿ ಬರಲಿ ಎಂದು ಅವರಿಗೆ ಜೀವ ಬಿಡುವಷ್ಟು ಆಸೆ. “ನಾನು ಚಿಕ್ಕವಳಿದ್ದಾಗ ತಾಯಿಯ ಪೌರತ್ವ ಮಗುವಿಗೆ ಬರುತ್ತಿರಲಿಲ್ಲ, ತಂದೆಯದು ಮಾತ್ರ. ಪಾರ್ಲಿಮೆಂಟು ಅದನ್ನು ಬದಲಿಸಿತು. ಇವಳಿಗೆ ನಾನು ಕೊಡಬಹುದಾದದ್ದು ಅದು” ಎಂದು ನನ್ನ ಹತ್ತಿರ ಇಂಗ್ಲಿಷಿನಲ್ಲಿ ಹೇಳಿದ್ದರು.

ಗಡುವಿಗೆ ಇನ್ನೊಂದು ವಾರ ಇದೆ ಎನ್ನುವಾಗ ಅವ್ವ ಬಂದಿಳಿದಳು. ಸೂಟ್‌ಕೇಸಿನ ತುಂಬ ಅಂಟಿನುಂಡಿ, ಇಳಕಲ್ ಸೀರೆ. ಬಂದವಳೇ ವೈನಿಯ ತಲೆಗೆ ಬಟ್ಟೆ ಕಟ್ಟಿ, “ಬಾಣಂತಿ ಹೊರಗ ಕಾಲಿಡಬಾರದು” ಎಂದು ಬಾಗಿಲು ಹಾಕಿದಳು. ಅಷ್ಟು ವರ್ಷ ಮುಖ ತಿರುಗಿಸಿದ್ದ ಅತ್ತೆ ಕೈಯಾರೆ ಉಂಡಿ ತಿನ್ನಿಸುವಾಗ ಎದುರಾಡಲು ವೈನಿಗೆ ಮನಸ್ಸಾಗಲಿಲ್ಲ. ಅರ್ಜಿ ತುಂಬಿ, ಮಗುವಿಗೆ ಆರಿಸಿಟ್ಟಿದ್ದ ಹೆಸರನ್ನೂ ಬರೆದು, ಅಣ್ಣನ ಕೈಗಿತ್ತರು. ಶುಕ್ರವಾರವೇ ಕೊನೆಯ ದಿನ ಎಂದು ಮತ್ತೆ ಮತ್ತೆ ಹೇಳಿದರು. ಇತ್ತ ಅವ್ವ, ಶನಿವಾರ ಅಮಾವಾಸ್ಯೆ, ಅದು ಕಳೆದ ಮೇಲೆಯೇ ತೊಟ್ಟಿಲಿಗೆ ಹಾಕಿ ಹೆಸರಿಡುವುದು ಎಂದು ಪಟ್ಟು ಹಿಡಿದಳು.

ಶುಕ್ರವಾರ ಸಂಜೆ ಅಣ್ಣ ಬೂಟು ಬಿಚ್ಚುವ ಮೊದಲೇ ಕೇಳಿದೆ. “ಕೊಟ್ಟು ಬಂದಿ?”

“ಆತು ಬಿಡವಾ, ನಿಂದೊಂದು ಗದ್ಲ.”

ಭಾನುವಾರ ಹತ್ತಿರದ ಗ್ರೀನ್‌ಫರ್ಡಿನಿಂದ ನಮ್ಮ ಕಡೆಯ ನಾಲ್ಕು ಮನೆಯವರು ಬಂದರು. ಸೋದರತ್ತೆ ನಾನು, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದೆ. ಪದ್ಧತಿಯಂತೆ ಹೆಂಗಸರೆಲ್ಲ ಸೇರಿ ನನ್ನ ಬೆನ್ನಿಗೆ ಗುದ್ದಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ವೈನಿ.

ಸೋಮವಾರ ಮಧ್ಯಾಹ್ನ ಅಣ್ಣ, ಗಡುವು ಮೀರಿತೆಂದು ರಾಯಭಾರ ಕಚೇರಿಯವರು ಮರಳಿಸಿದ ಅದೇ ಅರ್ಜಿ ಹಿಡಿದು ಮನೆಗೆ ಬಂದ. ಶುಕ್ರವಾರ ಅವನು ಹೋಗಿಯೇ ಇರಲಿಲ್ಲ.

“ಹೆಸರ ಇಡೂಕಿಂತ ಮೊದ್ಲ ಹೆಸರ ಬರದು ಕೊಡೂದು ಹೆಂಗ? ಅವ್ವಗ ತಿಳದಿದ್ರ ಏನ ಅಂತಿದ್ಳು? ನಡುವ ಎರಡ ದಿನ ರಜಾನ ಇತ್ತು. ಲೇಟ್ ಫೀ ಕಟ್ಟಿದ್ರ ಆತು ಅಂದ್ಕೊಂಡಿದ್ದೆ.”

ವೈನಿ ಅರ್ಜಿಯನ್ನು ಮಡಿಚಿದರು. ಅಣ್ಣ ಮಾತ್ರ ಸೋಲೊಪ್ಪಲಿಲ್ಲ. ವೈನಿಯ ತಂದೆ ಜಪಾನಿನ ತಮ್ಮ ಊರಿನ ಪುರಸಭೆಯಲ್ಲಿ, ಅದೇ ದಾಖಲೆಗಳ ವಿಭಾಗದಲ್ಲಿ ನೌಕರರು. “ಅವರ ಕೈಯಾಗ ಇರೂದನ ಅಲ್ಲೇನು? ಒಂದ ಮಾತ ಹೇಳಸು” ಎಂದು ವೈನಿಯಿಂದ ತಂದೆಗೆ ಫೋನು ಮಾಡಿಸಿದ. ಫೋನು ಮುಗಿಯುವವರೆಗೂ ನಾನು ಅಡುಗೆಮನೆಗೂ ಬಾಗಿಲಿಗೂ ಅಲೆದಾಡಿದೆ. ವೈನಿ ಬರೀ ಹೂಂಗುಟ್ಟುತ್ತಿದ್ದರು. ಕಣ್ಣೀರು ಗಲ್ಲದಿಂದ ಇಳಿಯುತ್ತಿದ್ದರೂ ದನಿ ನಡುಗಲಿಲ್ಲ.

ತಂದೆ ಕ್ಷಮೆ ಕೇಳಿದರಂತೆ. ಕಾನೂನು ದೇಶದ್ದು, ಪುರಸಭೆಯದಲ್ಲ. ಮೇಯರ್ ಬಂದು ನಿಂತರೂ ಒಂದು ದಿನ ಸಡಿಲಿಸಲಾಗದು. ಪ್ರವಾಹವೋ ಭೂಕಂಪವೋ ಆಗಿ ತಡವಾಗಿದ್ದರೆ ಬೇರೆ ಮಾತು.

“ಅಮಾಸಿ ಬಂದಿತ್ತಂತ ಬರದು ಕೊಡು!” ಎಂದು ನಾನು ಅಣ್ಣನ ಮೇಲೆ ಹರಿಹಾಯ್ದೆ. ಅವ್ವ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಒಂದು ದಾರಿ ಉಳಿದಿದೆ ಎಂದು ತಂದೆಯೇ ತಿಳಿಸಿದ್ದರು. ಮಗು ಜಪಾನಿನಲ್ಲಿ ವಾಸವಿದ್ದರೆ ಅಲ್ಲಿಂದ ಅರ್ಜಿ ಹಾಕಿ ಪೌರತ್ವ ಮರಳಿ ಪಡೆಯಬಹುದು. ಅಣ್ಣನ ಮುಖ ಅರಳಿತು. “ಇಷ್ಟ ಹೌದಲ್ಲೊ? ನಿಮ್ಮಪ್ಪನ ಮನಿ ವಿಳಾಸ ಕೊಡೂಣಂತ. ಕೂಸು ಇಲ್ಲೇ ಇರ್ಲಿ.”

ವೈನಿ ಅವನನ್ನೇ ನೋಡಿದರು. ಆಮೇಲೆ ನಮ್ಮಿಂದಲೇ ಕಲಿತಿದ್ದ ಕನ್ನಡದಲ್ಲಿ ನಿಧಾನವಾಗಿ ಹೇಳಿದರು. “ಸುಳ್ಳು ವಿಳಾಸ ಕೊಡಂಗಿಲ್ಲ. ಅಲ್ಲೇ ಮನಿ ಮಾಡತೀವಿ.”

“ಮೂರೂ ಮಂದಿ?” ಎಂದ ಅಣ್ಣ.

“ಇಲ್ಲ. ನಾನೂ ಮಗಳೂ.”

ಅವ್ವ ಧಾರವಾಡಕ್ಕೆ ಮರಳುವ ಮೊದಲೇ ಅವರಿಬ್ಬರೂ ಹೋಗಿಬಿಟ್ಟರು.